ಬೆಲ್ಲದ ವಾಸನೆಯ ಕಾರಿನಲ್ಲಿ ದೀಪಸ್ತಂಭದ ದಾರಿ

ಬೆಲ್ಲದ ಪಾಕದ ವಾಸನೆಯನ್ನು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ನಾನು ಹುಟ್ಟಿ ಬೆಳೆದದ್ದು ಪಾಂಡವಪುರದ ಹತ್ತಿರ. ಮನೆಯ ಹಿಂದೆ ನಾಲೆ, ನಾಲೆಯಾಚೆ ಕಬ್ಬಿನ ಗದ್ದೆ, ಗದ್ದೆಯ ಮೂಲೆಯಲ್ಲಿ ಆಲೆಮನೆ. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುವಾಗ ಪಾಕ ಹದಕ್ಕೆ ಬಂತೋ, ತಳ ಹತ್ತಿತೋ ಎಂಬುದನ್ನು ಮನೆಯೊಳಗೆ ಕುಳಿತು ಮೂಗಿನಿಂದಲೇ ಹೇಳುತ್ತಿದ್ದೆವು. ಆದರೆ ಆ ಮೂಗು ಒಂದು ದಿನ ಅಮೆರಿಕದ ಉತ್ತರದ ತುದಿಯಲ್ಲಿ, ಹಳೆಯ ಕಾರೊಂದರೊಳಗೆ ಕೆಲಸಕ್ಕೆ ಬಂದೀತೆಂದು ಕನಸಿನಲ್ಲೂ ಎಣಿಸಿರಲಿಲ್ಲ!

ಇದು 2018ರ ನವೆಂಬರಿನ ಮಾತು. ಮಗಳ ಮನೆಯಿರುವುದು ಮಿನ್ನೆಸೋಟ ರಾಜ್ಯದ ಮಿನಿಯಾಪೊಲಿಸ್ ನಗರದ ಹೊರಭಾಗದಲ್ಲಿ. ಎರಡು ವರ್ಷದ ಮೊಮ್ಮಗನನ್ನು ನೋಡಿಕೊಂಡು ಆರು ತಿಂಗಳು ಇದ್ದು ಬರೋಣವೆಂದು ಹೋಗಿದ್ದೆ. ನಮ್ಮೆಜಮಾನರು ತೋಟ, ಹಸು ಎಂದು ನೆವ ಹೇಳಿ ಊರಲ್ಲೇ ಉಳಿದರು. ಆರನೇ ತಾರೀಖು ನರಕ ಚತುರ್ದಶಿ. ಅಲ್ಲಿನ ಸ್ನಾನದ ಕೋಣೆಯಲ್ಲೇ ಎಲ್ಲರಿಗೂ ಎಣ್ಣೆ ಒತ್ತಿ ನೀರು ಹಾಕಿದೆ. ಬಲಿಪಾಡ್ಯಮಿಯ ಸಂಜೆ ಬಾಗಿಲಲ್ಲಿಟ್ಟ ಹಣತೆ ಗಾಳಿಗೆ ಆರಿಹೋಗುತ್ತಲೇ ಇತ್ತು. ನಾನು ಮತ್ತೆ ಮತ್ತೆ ಹಚ್ಚುವುದನ್ನು ನೋಡಿ ಅಳಿಯಂದಿರು, "ಅತ್ತೆ, ಶನಿವಾರ ನಿಮಗೆ ಗಾಳಿಗೆ ಆರದ ಒಂದು ದೊಡ್ಡ ದೀಪ ತೋರಿಸ್ತೀನಿ. ಪ್ರತಿ ನವೆಂಬರ್ ಹತ್ತಕ್ಕೆ ಅಂತಲೇ ಹಚ್ಚುತಾರೆ" ಎಂದರು.

ಅವರ ಕಾರು ಹದಿನಾರು ವರ್ಷದ್ದು. ಓದುವ ಕಾಲದಲ್ಲಿ ಯಾರಿಂದಲೋ ಕೊಂಡದ್ದು. "ಇದನ್ನ ಬದಲಾಯಿಸಿ ಅಂತ ಎರಡು ವರ್ಷದಿಂದ ಹೇಳ್ತಿದ್ದೀನಮ್ಮಾ" ಎಂದು ಮಗಳು ಗೊಣಗಿದಳು. "ಓಡುತ್ತಲ್ಲ, ಓಡೋವಷ್ಟು ದಿನ ಓಡಲಿ" ಎಂದು ಅಳಿಯಂದಿರು ನಕ್ಕರು. ಆ ನಗು ಸ್ವಲ್ಪ ಬಲವಂತದ್ದೆಂದು ನನಗಾಗ ಹೊಳೆಯಲಿಲ್ಲ.

ಸಮುದ್ರದಂಥ ಸರೋವರ

ಶನಿವಾರ ಬೆಳಗ್ಗೆ ಪುಳಿಯೋಗರೆ, ಮೊಸರನ್ನ, ಹಬ್ಬಕ್ಕೆ ಕರಿದ ಕೋಡುಬಳೆ ಎಲ್ಲ ಕಟ್ಟಿಕೊಂಡು ಹೊರಟೆವು. ನನಗೆ ಕಾರಿನಲ್ಲಿ ತಲೆ ಸುತ್ತುವ ಕಾಯಿಲೆ. ಹಾಗಾಗಿ ಮುಂದಿನ ಸೀಟು ನನ್ನದು. ಹಿಂದೆ ಮಗಳು, ಅವಳ ಪಕ್ಕದಲ್ಲಿ ತನ್ನ ಪುಟ್ಟ ಕುರ್ಚಿಗೆ ಬಿಗಿಸಿಕೊಂಡ ಪುಟ್ಟ. ಡುಲೂತ್ ಎಂಬ ಊರಿಗೆ ಸುಮಾರು 250 ಕಿಲೋಮೀಟರ್. ಎಲೆಯೆಲ್ಲ ಉದುರಿ ಬೋಳಾದ ಕಾಡು. ನಡುನಡುವೆ ಸುಣ್ಣ ಬಳಿದಂತೆ ಬಿಳಿ ಕಾಂಡದ ಬರ್ಚ್ ಮರಗಳು, ಕಪ್ಪು ಹಸಿರಿನ ಪೈನ್ ಮರಗಳು.

ಡುಲೂತ್ ಬಂತು ಎನ್ನುವಾಗ ರಸ್ತೆ ಗುಡ್ಡದಿಂದ ಕೆಳಕ್ಕೆ ಇಳಿಯುತ್ತದೆ. ಇಳಿಯುತ್ತಿದ್ದಂತೆ ಕಣ್ಣಮುಂದೆ ನೀರು, ನೀರು, ಬರೀ ನೀರು! "ಸಮುದ್ರವೇ?" ಎಂದೆ. ಅಲ್ಲ, ಸುಪೀರಿಯರ್ ಸರೋವರ. ವಿಸ್ತಾರದಲ್ಲಿ ಜಗತ್ತಿನ ಸಿಹಿನೀರಿನ ಸರೋವರಗಳಲ್ಲೆಲ್ಲ ಇದೇ ದೊಡ್ಡದು. ಸುಮಾರು 82,000 ಚದರ ಕಿಲೋಮೀಟರ್. ನಮ್ಮ ಇಡೀ ಕರ್ನಾಟಕ 1,91,791 ಚದರ ಕಿಲೋಮೀಟರ್ ಎಂದ ಮೇಲೆ ಲೆಕ್ಕ ಹಾಕಿ, ನಮ್ಮ ರಾಜ್ಯದ ಐದು ಪಾಲಿನಲ್ಲಿ ಎರಡಕ್ಕಿಂತ ಹೆಚ್ಚು ಪಾಲು ಒಂದೇ ಕೆರೆ! ಅತಿ ಆಳವಿರುವಲ್ಲಿ 406 ಮೀಟರ್.

ಊರಿನ ಬಂದರಿಗೆ ಹಡಗು ಒಳಬರುವ ಕಾಲುವೆಯ ಮೇಲೊಂದು ಕಬ್ಬಿಣದ ಸೇತುವೆ. 1905ರಲ್ಲಿ ಕಟ್ಟಿದ್ದು. ಆಗ ಜನರನ್ನು, ಗಾಡಿಗಳನ್ನು ತೂಗುತೊಟ್ಟಿಲಿನಲ್ಲಿ ಕೂರಿಸಿ ದಾಟಿಸುತ್ತಿದ್ದರಂತೆ. 1929-30ರಲ್ಲಿ ಅದನ್ನು ಎತ್ತುವ ಸೇತುವೆಯಾಗಿ ಬದಲಾಯಿಸಿದರು. ಹಡಗು ಬಂದಾಗ ಇಡೀ ರಸ್ತೆಯೇ ಲಿಫ್ಟಿನಂತೆ ಮೇಲೇಳುತ್ತದೆ. ಕಬ್ಬಿಣದ ಅದಿರು ಸಾಗಿಸುವ ಇಲ್ಲಿನ ಹಡಗುಗಳಲ್ಲಿ ಕೆಲವು 300 ಮೀಟರಿಗಿಂತ ಉದ್ದ.

ಸೇತುವೆಯ ಬಳಿಯ ಅಂಗಡಿಯಲ್ಲಿ ಮಗಳು ಮೇಪಲ್ ಪಾಕದ ಒಂದು ಬಾಟಲಿ ಕೊಂಡಳು. ಚಳಿಗಾಲ ಮುಗಿಯುವ ಹೊತ್ತಿಗೆ ಮೇಪಲ್ ಮರಕ್ಕೆ ತೂತು ಕೊರೆದು ರಸ ಇಳಿಸಿ ಕಾಯಿಸುತ್ತಾರೆ. 40 ಲೀಟರ್ ರಸ ಇಂಗಿದರೆ ಒಂದು ಲೀಟರ್ ಪಾಕ. ನಮ್ಮ ಆಲೆಮನೆಯ ತಂಗಿಯೇ ಅನ್ನಿ.

ಗಾಳಿ ಚರ್ಮ ಸೀಳುವಂತಿತ್ತು. ಸರೋವರಕ್ಕೆ ಎದುರಾಗಿ ಕಾರು ನಿಲ್ಲಿಸಿ ಒಳಗೇ ಊಟ ಮುಗಿಸಿದೆವು. ಪುಟ್ಟನನ್ನು ಕುರ್ಚಿಯಿಂದ ಬಿಚ್ಚಿ ನನ್ನ ಬಳಿ ಬಿಟ್ಟಿದ್ದರು. ಅವನು ನನ್ನ ಕಾಲ ಹತ್ತಿರ ನೆಲಹಾಸಿನ ಮೇಲೆ ಕೂತು ಕೋಡುಬಳೆ ಕಡಿಯುತ್ತಿದ್ದ. ಕೈಜಾರಿ ಬಿದ್ದದ್ದನ್ನು ಎತ್ತಿ ಮತ್ತೆ ಬಾಯಿಗಿಡಲು ಹೋದ. "ಥೂ, ಬಿದ್ದದ್ದು ತಿನ್ನಬಾರ್ದು" ಎಂದು ಕಿತ್ತುಕೊಂಡೆ. ಕೋಡುಬಳೆ ಏಕೋ ಅಂಟಂಟಾಗಿತ್ತು. ಮಗು ಜೊಲ್ಲು ಸುರಿಸಿದ್ದಾನೆಂದು ಅವನ ಕೈಯೊರೆಸಿ ಬೇರೊಂದು ಕೊಟ್ಟೆ. ಈ ಸಣ್ಣ ಸಂಗತಿ ಮುಂದೆ ನನ್ನ ನಿದ್ದೆಗೆಡಿಸಿತು.

ಬಾಟಲಿ ಒಡೆದಿರಲಿಲ್ಲ

ಡುಲೂತ್ ಬಿಟ್ಟು ಸರೋವರದ ದಂಡೆಯ 61ನೇ ನಂಬರಿನ ಹೆದ್ದಾರಿ ಹಿಡಿದೆವು. ಬಲಕ್ಕೆ ನೀರು, ಎಡಕ್ಕೆ ಬಂಡೆ, ಕಾಡು. ನೋಡುವವರಿಗೆ ಕಣ್ಣಿಗೆ ಹಬ್ಬ. ಆದರೆ ನೋಡಲು ಗಾಜು ಬೇಕಲ್ಲ! ಮುಂದಿನ ಗಾಜಿನ ಒಳಗಡೆ ಮಂಜು ಕವಿಯತೊಡಗಿತು. ಅಳಿಯಂದಿರು ಬಟ್ಟೆಯಿಂದ ಒರೆಸಿದರು. ಒರೆಸಿದಷ್ಟೂ ಜಿಡ್ಡು ಹರಡಿತು, ಎಣ್ಣೆ ಕೈಯಲ್ಲಿ ಕನ್ನಡಿ ಮುಟ್ಟಿದಂತೆ. ಅದರ ಜೊತೆಗೆ ಆ ವಾಸನೆ.

"ಏನಿದು, ಬೆಲ್ಲದ ಪಾಕದ ವಾಸನೆ?" ಎಂದೆ.

"ಮೇಪಲ್ ಬಾಟಲಿ ಸೋರಿರಬೇಕು ಅತ್ತೆ" ಎಂದು ಅಳಿಯಂದಿರು ಚುರುಕಾಗಿ ಹೇಳಿದರು.

ಬಾಟಲಿ ನನ್ನ ಕಾಲ ಬಳಿಯ ಚೀಲದಲ್ಲೇ ಇತ್ತು. ತೆಗೆದು ನೋಡಿದೆ. ಮುಚ್ಚಳದ ಸೀಲು ಹಾಗೆಯೇ ಇದೆ, ಚೀಲ ಒಣಗಿದೆ. ಅಲ್ಲದೆ ಪಾಕ ತಣ್ಣಗಿದ್ದರೆ ಹೀಗೆ ಗಮ್ಮೆನ್ನುವುದಿಲ್ಲ. ಇದು ಕಾಯುತ್ತಿರುವ ಪಾಕದ ವಾಸನೆ, ಅದರಲ್ಲಿ ಏನೋ ಔಷಧಿಯ ಘಾಟು ಬೆರೆತಿತ್ತು. ಕಾರು ಹತ್ತಿದರೆ ಚಪ್ಪಲಿ, ಬೂಟು ಕಳಚಿ ಕಾಲು ಮಡಚುವುದು ನನ್ನ ಹಳೆಯ ಚಾಳಿ. ಕಾಲು ಇಳಿಬಿಟ್ಟೆ. ಉಣ್ಣೆಯ ಕಾಲುಚೀಲ ಪಚಕ್ಕೆಂದಿತು. ನೆಲಹಾಸು ನೆನೆದಿತ್ತು! ಬಿಸಿಗಾಳಿ ಬರಬೇಕಾದ ಕಿಂಡಿಗೆ ಕೈಯೊಡ್ಡಿದರೆ ಉಗುರುಬೆಚ್ಚಗೂ ಇಲ್ಲ.

"ರೀ, ಅಮ್ಮನ ಕಾಲೆಲ್ಲ ಒದ್ದೆಯಂತೆ. ಮೊದಲು ಎಲ್ಲಾದರೂ ನಿಲ್ಸಿ" ಎಂದಳು ಮಗಳು. ಅಳಿಯಂದಿರ ಮುಖ ಇಳಿದುಹೋಗಿತ್ತು.

ಬಚ್ಚಲೊಲೆಯ ಲೆಕ್ಕ

ಡುಲೂತ್‌ನಿಂದ ಸುಮಾರು 43 ಕಿಲೋಮೀಟರ್ ದೂರದ ಟೂ ಹಾರ್ಬರ್ಸ್ ಪುಟ್ಟ ಊರು. ಹೆಸರಿನಂತೆಯೇ ಎರಡು ಕೊಲ್ಲಿಗಳ ಬಂದರು. ಮಿನ್ನೆಸೋಟದ ಕಬ್ಬಿಣದ ಅದಿರು ಮೊದಲ ಸಲ ಹಡಗೇರಿದ್ದು 1884ರಲ್ಲಿ ಇಲ್ಲಿಂದಲೇ. ಅಲ್ಲಿ ರಸ್ತೆಯಂಚಿನ ಸಣ್ಣ ರಿಪೇರಿ ಅಂಗಡಿ ಪುಣ್ಯಕ್ಕೆ ತೆರೆದಿತ್ತು. ಅಜ್ಜನ ವಯಸ್ಸಿನ ಒಬ್ಬ ಮೆಕ್ಯಾನಿಕ್ಕು. ಬಂದವನೇ ಬಾಗಿಲು ತೆಗೆದು ಮೂಸಿದ. ಒಂದು ಬಿಳಿ ಕಾಗದವನ್ನು ನೆಲಹಾಸಿಗೆ ಒತ್ತಿ ತೆಗೆದ. ಕಾಗದ ತಿಳಿ ಹಸಿರಾಗಿತ್ತು. "ಹೀಟರ್ ಕೋರ್" ಎಂದ, ವೈದ್ಯರು ನಾಡಿ ಹಿಡಿದು ರೋಗದ ಹೆಸರು ಹೇಳುವಂತೆ.

ಅದೇನೆಂದು ನಾನು ಬಿಡದೆ ಕೇಳಿದೆ, ಮಗಳು ಕನ್ನಡದಲ್ಲಿ ಹೇಳಿದಳು. ನಮ್ಮ ಬಚ್ಚಲೊಲೆಯ ಲೆಕ್ಕವೇ. ಇಂಜಿನ್ನು ಒಲೆ. ಅದು ಮಿತಿಮೀರಿ ಕಾಯದಂತೆ ಸುತ್ತಲೂ ನೀರು ಹರಿಸುತ್ತಾರೆ. ಆ ನೀರು 90 ಡಿಗ್ರಿಯಷ್ಟು ಬಿಸಿಯಾಗುತ್ತದೆ. ಮುಂಭಾಗದ ದೊಡ್ಡ ರೇಡಿಯೇಟರಿನಲ್ಲಿ ಆ ಬಿಸಿಯನ್ನು ಗಾಳಿಗೆ ಬಿಡುತ್ತಾರೆ. ಚಳಿ ದೇಶದವರು ಸುಮ್ಮನೆ ಬಿಡುತ್ತಾರೆಯೇ? ಅದರಲ್ಲೊಂದು ಪಾಲನ್ನು ಎರಡು ರಬ್ಬರ್ ಕೊಳವೆಗಳಲ್ಲಿ ಡ್ಯಾಶ್‌ಬೋರ್ಡಿನ ಹಿಂದಿರುವ ಒಂದು ಪುಟ್ಟ ರೇಡಿಯೇಟರಿಗೆ ತರುತ್ತಾರೆ. ಅದೇ ಹೀಟರ್ ಕೋರ್. ಸಣ್ಣ ಸಣ್ಣ ನಾಳ, ಅದರ ಸುತ್ತ ತೆಳು ತಗಡಿನ ಮಡಿಕೆ. ಹಿಂದಿನಿಂದ ಫ್ಯಾನು ಊದಿದರೆ ನಮಗೆ ಬಿಸಿಗಾಳಿ. ಒಲೆಯಲ್ಲಿ ಹೇಗೂ ಉರಿಯುವ ಬೆಂಕಿಯಲ್ಲೇ ಸ್ನಾನದ ನೀರೂ ಕಾದ ಹಾಗೆ, ಪುಕ್ಕಟೆ ಶಾಖ!

ಬರೀ ನೀರಾದರೆ ಆ ಚಳಿಯಲ್ಲಿ ಗಡ್ಡೆ ಕಟ್ಟುತ್ತದೆ. ನೀರು ಗಡ್ಡೆಯಾದರೆ ನೂರಕ್ಕೆ ಒಂಬತ್ತರಷ್ಟು ಉಬ್ಬುತ್ತದೆ, ಇಂಜಿನ್ನೇ ಬಿರಿಯಬಹುದು. ಅದಕ್ಕೆ ಅರ್ಧಕ್ಕರ್ಧ ಆಂಟಿಫ್ರೀಜ್ ಎಂಬ ದ್ರವ ಬೆರೆಸುತ್ತಾರೆ. ಆಗ ಸೊನ್ನೆಗಿಂತ 35 ಡಿಗ್ರಿ ಕೆಳಗಿಳಿದರೂ ಗಟ್ಟಿಯಾಗುವುದಿಲ್ಲ. ಅದರಲ್ಲಿ ತುಕ್ಕು ತಡೆಯುವ ಔಷಧಿಯೂ ಇರುತ್ತದೆ. ವರ್ಷಗಟ್ಟಲೆ ಬದಲಾಯಿಸದಿದ್ದರೆ ಔಷಧಿಯ ಕಸುವು ಮುಗಿದು ದ್ರವ ಹುಳಿಯಾಗಿ, ತೆಳುವಾದ ನಾಳವನ್ನೇ ತಿನ್ನುತ್ತದೆ. ಹುಣಿಸೆಹುಳಿ ಹಾಕಿದ ಸಾರನ್ನು ಕಲಾಯಿ ಹೋದ ಪಾತ್ರೆಯಲ್ಲಿಟ್ಟರೆ ಏನಾಗುತ್ತದೆಂದು ನಮಗೆ ಗೊತ್ತಿಲ್ಲವೇ?

ಮೆಕ್ಯಾನಿಕ್ಕು ಅರ್ಧ ಗಂಟೆ ಸುಮ್ಮನೆ ಕಾದ. ಬಿಸಿಯಿರುವಾಗ ರೇಡಿಯೇಟರಿನ ಮುಚ್ಚಳ ತೆಗೆದರೆ ಕುದಿನೀರು ಮುಖಕ್ಕೆ ಚಿಮ್ಮುತ್ತದಂತೆ. ಆಮೇಲೆ ಒಂದು ಗಾಜಿನ ನಳಿಗೆಯಲ್ಲಿ ದ್ರವ ಹೀರಿ ನೋಡಿ ಹುಬ್ಬೇರಿಸಿದ. "ಇದರಲ್ಲಿ ನೀರೇ ಹೆಚ್ಚಿದೆ. ಯಾರು ಬರೀ ನೀರು ತುಂಬ್ತಾ ಬಂದದ್ದು?"

ಅಳಿಯಂದಿರು ತಲೆ ತಗ್ಗಿಸಿದರು. ಮೂರು ವಾರದಿಂದ ಮಟ್ಟ ಇಳಿಯುತ್ತಿದ್ದುದು ಅವರಿಗೆ ಗೊತ್ತಿತ್ತು. ದಿನಾ ಬೆಳಗ್ಗೆ ಯಾರೂ ಏಳುವ ಮೊದಲು ಹೋಗಿ ನೀರು ತುಂಬಿ ಬರುತ್ತಿದ್ದರಂತೆ! ಡಿಸೆಂಬರಿನ ಚಳಿ ಬಂದಿದ್ದರೆ ಒಂದೇ ರಾತ್ರಿಯಲ್ಲಿ ಇಂಜಿನ್ನು ಹಾಳಾಗುತ್ತಿತ್ತು ಎಂದ ಮೆಕ್ಯಾನಿಕ್ಕು.

ಆಮೇಲೆ ಅವನು ಹಿಂದಿನ ಸೀಟಿನಲ್ಲಿದ್ದ ಮಗುವನ್ನು ನೋಡಿ ಹೇಳಿದ ಮಾತು ಕೇಳಿ ನನ್ನ ಕೈಕಾಲು ತಣ್ಣಗಾದವು. "ಮಗು ಈ ನೆಲಹಾಸಿನ ಹತ್ತಿರ ಹೋಗಬಾರದು. ಇದು ವಿಷ. ಸಿಹಿಯಾದ ವಿಷ." ಎಥಿಲೀನ್ ಗ್ಲೈಕಾಲ್ ಎಂದು ಅದರ ಹೆಸರು. ಸ್ವಲ್ಪವೇ ಹೊಟ್ಟೆಗೆ ಹೋದರೂ ಮಕ್ಕಳಿಗೆ, ನಾಯಿ ಬೆಕ್ಕುಗಳಿಗೆ ಪ್ರಾಣಾಪಾಯ, ಮೂತ್ರಪಿಂಡ ಕೆಡುತ್ತದೆ. ನನ್ನ ಕಣ್ಣಮುಂದೆ ಆ ಅಂಟಂಟು ಕೋಡುಬಳೆ! "ಬಿದ್ದದ್ದು ತಿನ್ನಬಾರದು" ಎಂಬ ನಮ್ಮಮ್ಮನ ಹಳೆಯ ಮಾತು ಆ ದಿನ ನನ್ನ ಮೊಮ್ಮಗನನ್ನು ಕಾಯಿತು. ಅವನ ಕೈ ಬಾಯಿ ಮತ್ತೆ ಮತ್ತೆ ತೊಳೆದೆ. ಮಗಳು ಅಲ್ಲಿಂದಲೇ ವಿಷದ ಸಲಹೆ ಕೊಡುವ ಸಹಾಯವಾಣಿಗೆ ಫೋನು ಮಾಡಿ, ಬಾಯಿಗೆ ಹೋಗಿಲ್ಲವೆಂದಾದರೆ ಹೆದರಬೇಕಾಗಿಲ್ಲ ಎಂದು ಕೇಳಿಕೊಂಡ ಮೇಲೇ ನನ್ನ ಎದೆ ಹಗುರಾದದ್ದು.

ಸೋರಿಕೆ ಮುಚ್ಚುವ ಪುಡಿ ಹಾಕಬಹುದೇ ಎಂದು ಅಳಿಯಂದಿರು ಕೇಳಿದರು. ಮೆಕ್ಯಾನಿಕ್ಕು ಬೇಡವೆಂದ. ಅದು ತೂತನ್ನಷ್ಟೇ ಅಲ್ಲ, ಸಣ್ಣ ನಾಳಗಳನ್ನೂ ಕಟ್ಟಿಹಾಕಬಹುದು. ಕೋರ್ ಬದಲಾಯಿಸುವುದು ಒಂದು ದಿನದ ಕೆಲಸ, ಡ್ಯಾಶ್‌ಬೋರ್ಡ್ ಪೂರ್ತಿ ಬಿಚ್ಚಬೇಕು. ಈಗ ಮಾಡಬಹುದಾದದ್ದು ಒಂದೇ. ಕೋರಿಗೆ ಹೋಗುವ ಕೊಳವೆ, ಅಲ್ಲಿಂದ ಬರುವ ಕೊಳವೆ ಎರಡನ್ನೂ ಬಿಚ್ಚಿ, ಬಾಗಿದ ತುಂಡು ಕೊಳವೆಯಿಂದ ಒಂದಕ್ಕೊಂದು ಸೇರಿಸಿ ಕ್ಲಿಪ್ಪು ಬಿಗಿಯುವುದು. ಆಗ ದ್ರವ ಕೋರಿನತ್ತ ಹೋಗದೆ ನೇರ ಇಂಜಿನ್ನಿಗೆ ಹಿಂದಿರುಗುತ್ತದೆ. ಸೋರುವುದಿಲ್ಲ, ಇಂಜಿನ್ನಿಗೆ ತೊಂದರೆಯಿಲ್ಲ. ಆದರೆ ಒಳಗೆ ಬಿಸಿಗಾಳಿಯೂ ಇಲ್ಲ, ಗಾಜಿನ ಮಂಜು ಬಿಡಿಸುವ ಉಪಾಯವೂ ಇಲ್ಲ! ಕೊಳವೆ ಜೋಡಿಸಿ, ಹೊಸ ದ್ರವ ತುಂಬಿ, ಇಂಜಿನ್ನು ಓಡಿಸಿ ಒಳಗಿದ್ದ ಗಾಳಿ ಹೊರಡಿಸಿದ. 35 ಡಾಲರ್ ತೆಗೆದುಕೊಂಡ. ನೆಲಹಾಸನ್ನು ಸೋಪಿನ ನೀರಿನಲ್ಲಿ ಉಜ್ಜಿ, ಒರೆಸಿದ ಬಟ್ಟೆಗಳನ್ನೆಲ್ಲ ಚೀಲದಲ್ಲಿ ಕಟ್ಟಿ ಎತ್ತಿಟ್ಟುಕೊಂಡ.

ದೀಪ ಕಂಡದ್ದು

ಮಗುವನ್ನು ಆ ಚಳಿಯಲ್ಲಿ ಮುಂದಕ್ಕೆ ಕರೆದೊಯ್ಯುವುದು ಸಾಧ್ಯವಿರಲಿಲ್ಲ. ಹತ್ತಿರದಲ್ಲೇ ಒಂದು ಬೆಚ್ಚಗಿನ ಕೋಣೆ ಹಿಡಿದೆವು. "ನಾನು ಪುಟ್ಟ ಇಲ್ಲೇ ಇರ್ತೀವಿ. ದೀಪ ನೋಡೋಕೆ ಅಂತ ಬಂದಿರೋಳು ನೀನು. ಹೋಗಿ ಬಾರಮ್ಮಾ" ಎಂದಳು ಮಗಳು. ಗಂಡನ ಕಡೆ ತಿರುಗಲಿಲ್ಲ. ನೀರು ತುಂಬಿದ ಗುಟ್ಟು ಅವಳಿಗೆ ನೋವು ಕೊಟ್ಟಿತ್ತು.

ದೀಪಸ್ತಂಭ ಅಲ್ಲಿಂದ ಸುಮಾರು 32 ಕಿಲೋಮೀಟರ್. ಹೊರಡುವ ಮುಂಚೆ ಅಂಗಡಿಯಿಂದ ಬಿಳಿ ವಿನೆಗರ್ ತಂದು, ಹಳೆಯ ಪೇಪರಿನಿಂದ ಗಾಜಿನ ಜಿಡ್ಡು ತೆಗೆದೆ. ನಮ್ಮ ಮನೆಗಳ ಕನ್ನಡಿ ಒರೆಸುವ ವಿದ್ಯೆ ಅಲ್ಲೂ ನಡೆಯಿತು. ಕಿಟಕಿ ಎರಡು ಬೆರಳಷ್ಟು ತೆರೆದಿಟ್ಟರೆ ಒಳಗಿನ ಉಸಿರು ಗಾಜಿಗೆ ಕವಿಯುವುದು ಕಡಿಮೆ. ಮೇಲೆ ಎರಡು ಕಂಬಳಿ, ಮಡಿಲಲ್ಲಿ ಬಿಸಿನೀರಿನ ಬಾಟಲಿ, ಕೈಯಲ್ಲಿ ಒಣ ಬಟ್ಟೆ. ಅಳಿಯಂದಿರು ನಿಧಾನವಾಗಿ ಓಡಿಸಿದರು, ನಾನು ಒರೆಸಿದೆ. ಇಬ್ಬರೂ ಮಾತಾಡಲಿಲ್ಲ.

ಸ್ಪ್ಲಿಟ್ ರಾಕ್ ಎಂಬ ಆ ದೀಪಸ್ತಂಭ 40 ಮೀಟರ್ ಎತ್ತರದ ಕಡಿದಾದ ಬಂಡೆಯ ನೆತ್ತಿಯಲ್ಲಿದೆ. ಅದು ಹುಟ್ಟಿದ ಕಥೆಯನ್ನು ಅಲ್ಲಿ ಓದಿದೆ. 1905ರ ನವೆಂಬರ್ 28ರಂದು ಇಲ್ಲಿ ಭಾರಿ ಬಿರುಗಾಳಿ ಎದ್ದು ಅನೇಕ ಹಡಗುಗಳು ಹಾಳಾದವು. ಮಟಾಫಾ ಎಂಬ ಹಡಗು ಡುಲೂತ್‌ನ ಕಾಲುವೆಯ ಬಾಯಿಗೆ ಬಂದು, ಕಟ್ಟೆಗೆ ಬಡಿದು ಮುರಿಯಿತು. ದಡದಲ್ಲಿ ಸಾವಿರಾರು ಜನ ನಿಂತು ನೋಡುತ್ತಿದ್ದರು, ಅಲೆಯ ಅಬ್ಬರಕ್ಕೆ ಯಾರೂ ಹತ್ತಿರ ಹೋಗಲಾಗಲಿಲ್ಲ. ಹಡಗಿನ ಮುಂಭಾಗದಲ್ಲಿದ್ದವರು ಬೆಂಕಿ ಮಾಡಿಕೊಂಡು ರಾತ್ರಿ ಕಳೆದು ಬದುಕಿದರು. ಹಿಂಭಾಗದ ಒಂಬತ್ತು ಜನ ಊರಿನ ದೀಪಗಳು ಕಾಣುತ್ತಿರುವಂತೆಯೇ ಚಳಿಗೆ ಹೆಪ್ಪುಗಟ್ಟಿ ಸತ್ತರು. ಓದುತ್ತಿದ್ದಂತೆ ನನಗೆ ಹೊಳೆಯಿತು: ನಮಗೆ ಶಾಖವೆಂದರೆ ಸುಖ, ಈ ನಾಡಿನವರಿಗೆ ಶಾಖವೆಂದರೆ ಪ್ರಾಣ.

ಆ ಬಿರುಗಾಳಿಯ ನಂತರ ಕಟ್ಟಿದ ಈ ದೀಪ 1910ರ ಜುಲೈ 31ರಂದು ಬೆಳಗಿತು. ಸೀಮೆಎಣ್ಣೆಯ ದೀಪ, ಪ್ಯಾರಿಸಿನಲ್ಲಿ ತಯಾರಾದ ಗಾಜಿನ ಮಸೂರ. ಮಸೂರ ತಿರುಗಲು ಗಡಿಯಾರದಂಥ ಯಂತ್ರ, ಅದಕ್ಕೆ ಎರಡು ಗಂಟೆಗೊಮ್ಮೆ ಕೀಲಿ ಕೊಡಬೇಕಿತ್ತು. ಮೊದಲಿಗೆ ರಸ್ತೆಯೇ ಇರಲಿಲ್ಲ. ಕಾವಲುಗಾರರಿಗೆ ಬೇಕಾದ ಸಾಮಾನೆಲ್ಲ ನೀರಿನ ಮೇಲೆಯೇ ಬರಬೇಕಿತ್ತು. 1969ರಲ್ಲಿ ದೀಪದ ಕೆಲಸ ಮುಗಿಯಿತು. ಈಗ ಪ್ರತಿ ನವೆಂಬರ್ 10ರಂದು ಹಚ್ಚುವುದು 1975ರ ಅದೇ ದಿನ ಈ ಸರೋವರದ ಪೂರ್ವ ಭಾಗದಲ್ಲಿ ಮುಳುಗಿದ ಎಡ್ಮಂಡ್ ಫಿಟ್ಜ್‌ಜೆರಾಲ್ಡ್ ಹಡಗಿನ ನೆನಪಿಗೆ. ಅದರಲ್ಲಿದ್ದ 29 ಜನರಲ್ಲಿ ಒಬ್ಬರೂ ಉಳಿಯಲಿಲ್ಲ.

ನಾಲ್ಕೂವರೆಗೆ ಜನರೆಲ್ಲ ಸೇರಿದರು. ಸೂರ್ಯ ಮುಳುಗುವ ಹೊತ್ತು. ಒಬ್ಬರು ಆ 29 ಜನರ ಹೆಸರು ಒಂದೊಂದಾಗಿ ಓದಿದರು. ಒಂದೊಂದು ಹೆಸರಿಗೂ ಒಂದೊಂದು ಗಂಟೆ. ಕೊನೆಗೆ ಈ ಸರೋವರಗಳಲ್ಲಿ ಸತ್ತ ಎಲ್ಲರಿಗಾಗಿ ಇನ್ನೊಂದು. ಯಾರೂ ಕೆಮ್ಮಲಿಲ್ಲ. ಆಮೇಲೆ ಮೇಲೆ ದೀಪ ಹತ್ತಿತು. ಹತ್ತು ಸೆಕೆಂಡಿಗೊಮ್ಮೆ ಅದರ ಬೆಳಕು ಕಪ್ಪು ನೀರಿನ ಮೇಲೆ ಬೀಸಿ ಹೋಗುತ್ತಿತ್ತು. ನಾನು ಕೈಮುಗಿದೆ.

ಸೋರುವುದನ್ನು ಹೇಳಿಬಿಡಬೇಕು

ಹಿಂತಿರುಗುವಾಗ ಗವ್ವೆನ್ನುವ ಕತ್ತಲೆ. ಸ್ವಲ್ಪ ದೂರ ಬಂದ ಮೇಲೆ ಅಳಿಯಂದಿರೇ ಬಾಯಿಬಿಟ್ಟರು. "ಅತ್ತೆ, ಸೋರ್ತಿರೋದು ಕಾರೊಂದೇ ಅಲ್ಲ. ಅಕ್ಟೋಬರ್ ಕೊನೆಗೆ ನನ್ನ ಕೆಲಸ ಹೋಯ್ತು. ಅರವತ್ತು ದಿನದೊಳಗೆ ಇನ್ನೊಂದು ಸಿಗದಿದ್ರೆ ವೀಸಾ ಇಲ್ಲ, ಗಂಟುಮೂಟೆ ಕಟ್ಟಬೇಕು. ಮನೆಯಿಂದ್ಲೇ ಕೆಲಸ ಅಂತ ಹೇಳ್ಕೊಂಡು ಕೋಣೇಲಿ ಕೂತು ಕೆಲಸ ಹುಡುಕ್ತಿದ್ದೀನಿ. ನೀವು ಬಂದಿರೋ ಸಮಯದಲ್ಲಿ ಹೇಗೆ ಹೇಳೋದು? ಅದಕ್ಕೇ ರಿಪೇರಿಗೂ ಹೋಗ್ಲಿಲ್ಲ."

ನಾನು ಗಾಜು ಒರೆಸುತ್ತಲೇ ನಮ್ಮ ಮನೆಯ ಹಳೆಯ ಕಥೆ ಹೇಳಿದೆ. ಒಂದು ವರ್ಷ ಆಲೆಮನೆಯಲ್ಲಿ ನಷ್ಟವಾಗಿ ನಮ್ಮೆಜಮಾನರು ಸಾಲ ಮಾಡಿದ್ದರು. ಎರಡು ವರ್ಷ ನನಗೆ ಹೇಳದೆ ಬಡ್ಡಿ ಕಟ್ಟಿದರು. ಗೊತ್ತಾದ ದಿನ ನನಗೆ ಸಾಲಕ್ಕಿಂತ ಹೆಚ್ಚು ನೋವಾದದ್ದು, ಎರಡು ವರ್ಷ ನಾನು ಅವರ ಎದುರಿಗೆ ರೇಷ್ಮೆ ಸೀರೆಯ ಆಸೆ ಹೇಳಿಕೊಳ್ಳುತ್ತಿದ್ದೆನಲ್ಲ ಎಂದು. ಅವರೊಬ್ಬರೇ ಅದನ್ನು ಕೇಳಿಸಿಕೊಂಡು ನುಂಗುತ್ತಿದ್ದರಲ್ಲ ಎಂದು. ಗೊತ್ತಾದ ಮೇಲೆ ಎರಡು ಬಳೆ ಮಾರಿ ಒಂದೇ ವರ್ಷದಲ್ಲಿ ತೀರಿಸಿದೆವು.

"ಇವತ್ತು ರಾತ್ರಿಯೇ ಅವಳಿಗೆ ಹೇಳಿಬಿಡಿ. ನೀರು ತುಂಬ್ತಾ ಹೋದಷ್ಟೂ ಒಳಗಿನ ಮದ್ದು ತೆಳ್ಳಗಾಗುತ್ತೆ ಅಂತ ಆ ಅಜ್ಜ ಹೇಳಲಿಲ್ವೇ?" ಎಂದೆ. ಅವರು ಉತ್ತರ ಕೊಡಲಿಲ್ಲ. ಕಣ್ಣೊರೆಸಿಕೊಂಡರು. ಗಾಜಿನ ಮಂಜೋ ಕಣ್ಣಿನ ಮಂಜೋ ಎಂದು ನಾನು ಕೇಳಲಿಲ್ಲ.

ಆ ರಾತ್ರಿ ಮಗುವನ್ನು ನನ್ನ ಪಕ್ಕ ಮಲಗಿಸಿಕೊಂಡೆ. ಗಂಡಹೆಂಡಿರು ಹೊರಗಿನ ಪಡಸಾಲೆಯಲ್ಲಿ ತುಂಬ ಹೊತ್ತು ಕೂತಿದ್ದರು. ಮೊದಲು ಮಗಳ ಏರಿದ ದನಿ, ಆಮೇಲೆ ಅಳು, ಆಮೇಲೆ ಲೆಕ್ಕಾಚಾರದ ಮೆಲುದನಿ. ಲೆಕ್ಕಾಚಾರದ ದನಿ ಕೇಳಿದ ಮೇಲೆ ನನಗೆ ನಿದ್ದೆ ಬಂತು.

ಮರುದಿನ ಬಿಸಿಲೇರಿದ ಮೇಲೆ ಹೊರಟೆವು. ಮಗುವಿನ ಕುರ್ಚಿಯ ಪಟ್ಟಿಯೊಳಗೆ ದಪ್ಪ ಕೋಟು ಹಾಕಬಾರದಂತೆ, ಪಟ್ಟಿ ಸಡಿಲವಾಗುತ್ತದೆ. ಪಟ್ಟಿ ಬಿಗಿದ ಮೇಲೆ ಕಂಬಳಿ ಹೊದಿಸಿದೆವು. ಮುಕ್ಕಾಲು ಗಂಟೆಗೊಮ್ಮೆ ನಿಲ್ಲಿಸಿ, ಬೆಚ್ಚಗಿನ ಕಡೆ ಕೂತು, ಬಾಟಲಿಗೆ ಹೊಸ ಬಿಸಿನೀರು ತುಂಬಿಕೊಂಡು ಸಂಜೆಗೆ ಮನೆ ಸೇರಿದೆವು.

ಅಲ್ಲಿನ ಅಂಗಡಿಗಳಲ್ಲಿ ವಿಚಾರಿಸಿದರೆ ಕೋರಿನ ಬೆಲೆ 100 ಡಾಲರಿನೊಳಗೆ, ಬಿಚ್ಚಿ ಕೂರಿಸುವ ಕೂಲಿ ಸಾವಿರದ ಹತ್ತಿರ! ಕಾರು ಮಾರಿದರೂ ಎರಡು ಸಾವಿರ ಬರುವುದಿಲ್ಲ. ಕಾರಿನ ಕೆಲಸ ಬಲ್ಲ ಒಬ್ಬ ಕನ್ನಡದ ಗೆಳೆಯರನ್ನು ಮಗಳೇ ಸಂಕೋಚ ಬಿಟ್ಟು ಕರೆದಳು. ಬ್ಯಾಟರಿ ಕಳಚಿಟ್ಟು, ಎರಡು ವಾರಾಂತ್ಯ ಮೂವರೂ ಸೇರಿ ಡ್ಯಾಶ್‌ಬೋರ್ಡ್ ಬಿಚ್ಚಿದರು. ಸ್ಕ್ರೂಗಳು ಬೆರೆಯದಂತೆ ಇಡಲು ಅಳಿಯಂದಿರು ನನ್ನ ಇಡ್ಲಿ ತಟ್ಟೆ ಕೇಳಿದರು. ವಿಷದ ಮಾತು, ಕೊಡುವುದುಂಟೇ? ಕಾಗದದ ಲೋಟಗಳ ಮೇಲೆ ಕನ್ನಡದಲ್ಲಿ ಒಂದು, ಎರಡು ಎಂದು ಬರೆದು ಸಾಲಾಗಿಟ್ಟೆ. ಕೊನೆಗೆ ಹೊರಬಂದ ಹೀಟರ್ ಕೋರ್ ನಮ್ಮ ಪಂಚಾಂಗದಷ್ಟೂ ದೊಡ್ಡದಿರಲಿಲ್ಲ. ಒಂದು ಮೂಲೆಯಲ್ಲಿ ಹಸಿರು ಹಕ್ಕಳೆ, ಅದರ ನಡುವೆ ಸೂಜಿಮೊನೆಯಷ್ಟು ತೂತು. ಇಷ್ಟಕ್ಕೆ ಅಷ್ಟೆಲ್ಲ!

ಡಿಸೆಂಬರ್ ಮೂರನೆಯ ವಾರ ಅಳಿಯಂದಿರಿಗೆ ಕೆಲಸ ಸಿಕ್ಕಿತು. ಅರವತ್ತು ದಿನಕ್ಕೆ ಕೆಲವೇ ದಿನ ಬಾಕಿಯಿತ್ತು.

ಗೃಹಿಣಿಯರಿಗೆ ನಾಲ್ಕು ಮಾತು

ನಮ್ಮೂರ ಸೆಖೆಯಲ್ಲಿ ಹೀಟರಿನ ಚಿಂತೆ ಏಕೆ ಎನ್ನಬೇಡಿ. ಏಸಿ ಇರುವ ನಮ್ಮ ಕಾರುಗಳಲ್ಲೂ ಸಾಮಾನ್ಯವಾಗಿ ಈ ಕೋರ್ ಇರುತ್ತದೆ.

ಮುಂದಿನ ಸೀಟಿನ ಕೆಳಗೆ ಒದ್ದೆಯಾದರೆ ಬಿಳಿ ಕಾಗದ ಒತ್ತಿ ನೋಡಿ. ಬಣ್ಣ, ವಾಸನೆ, ಅಂಟು ಇಲ್ಲದಿದ್ದರೆ ಅದು ಬಹುಶಃ ಏಸಿಯ ನೀರು, ಹೊರಹೋಗುವ ಕೊಳವೆ ಕಟ್ಟಿರಬಹುದು. ಬಣ್ಣವಿದ್ದು ಅಂಟಾಗಿ ಸಿಹಿ ವಾಸನೆ ಬಂದರೆ ಕೂಲಂಟ್, ತಡಮಾಡದೆ ತೋರಿಸಿ. ಮೂಸಿದರೆ ಸಾಕು, ಯಾವ ಕಾರಣಕ್ಕೂ ರುಚಿ ನೋಡಬೇಡಿ.

ಕೂಲಂಟ್ ಡಬ್ಬಿಯನ್ನು ಮಕ್ಕಳ ಕೈಗೆ ಸಿಗದಂತೆ ಇಡಿ, ಕುಡಿಯುವ ನೀರಿನ ಬಾಟಲಿಗೆ ಎಂದೂ ಸುರಿದಿಡಬೇಡಿ. ಚೆಲ್ಲಿದರೆ ಕೂಡಲೇ ಒರೆಸಿ, ಸೋಪು ಹಾಕಿ ತೊಳೆಯಿರಿ. ಮಗುವಿನ ಬಾಯಿಗೆ ಹೋದ ಅನುಮಾನವಿದ್ದರೆ ಮನೆಮದ್ದು ಮಾಡುತ್ತ ಕೂರದೆ ನೇರ ಆಸ್ಪತ್ರೆಗೆ ಓಡಿ.

ಇಂಜಿನ್ನಿನ ಶಾಖದ ಮುಳ್ಳು ಏರಿದರೆ ಕಾರು ನಿಲ್ಲಿಸಿ. ಆರುವ ತನಕ ಮುಚ್ಚಳ ಮುಟ್ಟಬೇಡಿ. ಕೂಲಂಟನ್ನು ಕಾರಿನ ಪುಸ್ತಕದಲ್ಲಿ ಹೇಳಿದ ಅವಧಿಗೆ ಬದಲಾಯಿಸಿ.

ಊರಿಗೆ ಬಂದು ವರ್ಷಗಳಾದವು. ಅಳಿಯಂದಿರು ಭಾನುವಾರ ಫೋನು ಮಾಡಿದಾಗ ನಾನು ಮೊದಲು ಕೇಳುವುದು ಒಂದೇ ಪ್ರಶ್ನೆ: "ಏನಾದರೂ ಸೋರ್ತಿದೆಯೇ?"

"ಸದ್ಯಕ್ಕಿಲ್ಲ ಅತ್ತೆ, ಸೋರಿದ್ರೆ ಮೊದಲು ನಿಮಗೇ ಹೇಳ್ತೀನಿ" ಎಂದು ಅವರು ನಗುತ್ತಾರೆ. ಈಗಿನ ಆ ನಗು ಬಲವಂತದ್ದಲ್ಲ.